ಬಿಲ್ಲು ನಾಲ್ಕು, ಬೆಲೆ ಎರಡು: ರಫ್ತಿನ ಮಾತುಗಳ ಬಗ್ಗೆ ಓದುಗರ ಪ್ರಶ್ನೆ

ಪ್ರಶ್ನೆ: ನಮ್ಮದು ಅಡಿಕೆ, ಕಾಳುಮೆಣಸು ಖರೀದಿ ಅಂಗಡಿ. ದುಬೈಯಲ್ಲಿರುವ ಊರಿನವರೊಬ್ಬರು ಒಂದು ಟನ್ ಕಾಳುಮೆಣಸಿಗೆ ‘ಎಫ್‌ಒಬಿ ಎಷ್ಟು, ಸಿಐಎಫ್ ಎಷ್ಟು, ಎರಡೂ ಬರೆದು ಕಳಿಸಿ’ ಅಂದಿದ್ದಾರೆ. ಇವೆರಡರ ನಡುವಿನ ವ್ಯತ್ಯಾಸ ಬರೀ ಹಡಗಿನ ಬಾಡಿಗೆಯೇ?
— ಓದುಗರು, ಬದಿಯಡ್ಕ

ಉತ್ತರ: ಬಾಡಿಗೆ ಮತ್ತು ವಿಮೆ; ಎಫ್‌ಒಬಿಗೆ ಅವೆರಡೂ ಸೇರಿದರೆ ಸಿಐಎಫ್. ಆದರೆ ಅದಕ್ಕೂ ಮೊದಲು ಎಫ್‌ಒಬಿಯನ್ನೇ ಸರಿಯಾಗಿ ಕಟ್ಟಬೇಕು. ಹೆಚ್ಚಿನವರು ಎಡವುವುದು ಅಲ್ಲೇ. ಗೋದಾಮಿನ ದರಕ್ಕೆ ಲಾರಿ ಬಾಡಿಗೆ ಕೂಡಿಸಿ ಅದನ್ನೇ ಎಫ್‌ಒಬಿ ಅಂದುಬಿಡುತ್ತಾರೆ. ‘ಫ್ರೀ ಆನ್ ಬೋರ್ಡ್’ ಅಂದರೆ ಸರಕು ಹಡಗಿನ ಮೇಲೆ ಏರುವವರೆಗಿನ ಖರ್ಚೆಲ್ಲ ಮಾರುವವನದು. ಚೀಲ, ತಲಪಾಡಿ ದಾಟಿ ಪಣಂಬೂರಿನ ಮಂಗಳೂರು ಬಂದರಿಗೆ ಲಾರಿ, ಕಂಟೈನರ್ ಫ್ರೈಟ್ ಸ್ಟೇಷನ್ನಿನಲ್ಲಿ ಇಳಿಸಿ ತುಂಬಿಸುವ ಕೂಲಿ, ಕಸ್ಟಮ್ಸ್ ಬ್ರೋಕರ್ ಫೀ, ಸಸ್ಯ ಆರೋಗ್ಯ ಪ್ರಮಾಣಪತ್ರ, ಬಂದರಿನ ಹ್ಯಾಂಡ್ಲಿಂಗ್ ಎಲ್ಲವೂ ಅದರೊಳಗೆ.

ಲೆಕ್ಕಕ್ಕೆಂದು ಕೆಲವು ಅಂಕಿ ಹಿಡಿಯೋಣ (ಇವು ಇಂದಿನ ಮಾರುಕಟ್ಟೆ ದರವಲ್ಲ). ಗೋದಾಮಿನಲ್ಲಿ ಸರಕಿನ ಬೆಲೆ 7,00,000 ರೂ., ಮೇಲೆ ಹೇಳಿದ ಖರ್ಚುಗಳು 28,000. ಎಫ್‌ಒಬಿ 7,28,000 ಆಯಿತು. ಹಡಗಿನ ಬಾಡಿಗೆ 40,000 ಸೇರಿಸಿದರೆ 7,68,000. ವಿಮೆಯನ್ನು ಕಟ್ಟುವುದು ಸಿಐಎಫ್ ಮೌಲ್ಯದ ಶೇ. 110ಕ್ಕೆ. ದರ ಶೇ. 0.3 ಎಂದಾದರೆ 7,68,000ವನ್ನು 0.9967ರಿಂದ (1ರಿಂದ 0.003ರ 1.1 ಪಟ್ಟು ಕಳೆದದ್ದು) ಭಾಗಿಸಿ. ಸಿಐಎಫ್ ಸುಮಾರು 7,70,540 ಬರುತ್ತದೆ. ಅಂದರೆ ವಿಮೆಗೆ ಹೋಗುವುದು ಎರಡೂವರೆ ಸಾವಿರದಷ್ಟೇ. ಯುಎಇಯಲ್ಲಿ ಸಾಮಾನ್ಯ ಸುಂಕ ಶೇ. 5, ಅದನ್ನು ಹಾಕುವುದು ಸಿಐಎಫ್ ಬೆಲೆಯ ಮೇಲೆ. ನಿಮ್ಮ ಊರಿನವರು ಎರಡು ದರ ಕೇಳಿದ್ದು ಇದಕ್ಕೇ ಇರಬೇಕು.

ಸಿಐಎಫ್‌ನಲ್ಲಿ ಬಾಡಿಗೆ ನೀವೇ ಕೊಟ್ಟಿದ್ದರೂ, ಸರಕು ಹಡಗೇರಿದ ಮೇಲೆ ಹಾಳಾದರೆ ನಷ್ಟ ಖರೀದಿದಾರರದು. ಪರಿಹಾರಕ್ಕೆ ಅವರು ನೋಡುವುದು ನೀವು ಮಾಡಿಸಿದ ವಿಮೆಯನ್ನು. ಇಂಥ ಪದಗಳ ಅರ್ಥ ನಿಗದಿಪಡಿಸುವ ಅಂತಾರಾಷ್ಟ್ರೀಯ ನಿಯಮ ಇನ್‌ಕೋಟರ್ಮ್ಸ್ 2020ರ ಪ್ರಕಾರ ಸಿಐಎಫ್‌ಗೆ ‘ಸಿ’ ಕ್ಲಾಜ್ ವಿಮೆ ಮಾಡಿಸಿದರೆ ಸಾಕು. ಆದರೆ ಅದರಲ್ಲಿ ಬೆಂಕಿ, ಮುಳುಗಡೆ, ಡಿಕ್ಕಿಯಂಥ ದೊಡ್ಡ ಅನಾಹುತಗಳಿಗೆ ಮಾತ್ರ ಪರಿಹಾರ. ಕಂಟೈನರಿನೊಳಗೆ ನೀರು ನುಗ್ಗಿ ಮೆಣಸು ಬೂಸ್ಟು ಹಿಡಿದರೆ ಒಂದು ರೂಪಾಯಿಯೂ ಸಿಗದು. ಮೆಣಸಿಗೆ ಹೆಚ್ಚಿನ ಅಪಾಯಗಳೆಲ್ಲ ಸೇರುವ ‘ಎ’ ಕ್ಲಾಜೇ ಬೇಕು, ಬೆಲೆಯ ಅಂತರ ಜುಜುಬಿ. ಹಾಗೆಂದು ಸರಿಯಾಗಿ ಒಣಗಿಸದೆ ಹಸಿ ಉಳಿಸಿ ತುಂಬಿದ್ದು ತಾನಾಗಿ ಹಾಳಾದರೆ ‘ಎ’ ಕ್ಲಾಜೂ ಕೈಹಿಡಿಯದು. ಜೂನ್-ಜುಲೈಯಲ್ಲಿ ತುಂಬಿಸುವುದಾದರೆ ಚೀಲ ಕಟ್ಟುವ ದಿನವೇ ತೇವಾಂಶ ಅಳೆಯಿರಿ, ಕಂಟೈನರಿನಲ್ಲಿ ತೇವ ಹೀರುವ ಪೊಟ್ಟಣಗಳನ್ನು ತೂಗುಹಾಕಿ.

ಇನ್ನು, ಎಫ್‌ಒಬಿ ಎಂದು ಬರೆದ ಮೇಲೆ ಬಂದರಿನ ಹೆಸರು ಬಿಡಬೇಡಿ. ಒಂದು ಟನ್ನಿಗೆ ಇಡೀ ಕಂಟೈನರ್ ಬೇಕಿಲ್ಲ. ಬೇರೆಯವರ ಸರಕಿನ ಜೊತೆ ಎಲ್‌ಸಿಎಲ್ ಆಗಿ ಹೋಗುತ್ತದೆ, ಅದಕ್ಕೆ ಕೊಚ್ಚಿಯೇ ಅನುಕೂಲವಾದೀತು. ಕಾಸರಗೋಡಿನಿಂದ ಪಣಂಬೂರು ಅರುವತ್ತು ಕಿ.ಮೀ. ಆಸುಪಾಸು, ಕೊಚ್ಚಿ ಸುಮಾರು 350. ‘ಎಫ್‌ಒಬಿ ಮಂಗಳೂರು’ ಎಂದು ದರ ಕೊಟ್ಟು ಕೊಚ್ಚಿಗೆ ಲಾರಿ ಕಳಿಸಿದರೆ ಲಾಭ ದಾರಿಯಲ್ಲೇ ಸೋರಿಹೋಗುತ್ತದೆ. ಶಾಸ್ತ್ರಕ್ಕೆ ನೋಡಿದರೆ ಕಂಟೈನರ್ ಸರಕಿಗೆ ಎಫ್‌ಒಬಿಗಿಂತ ಎಫ್‌ಸಿಎ (‘ಫ್ರೀ ಕ್ಯಾರಿಯರ್’, ಸಾಗಣೆದಾರನಿಗೆ ಒಪ್ಪಿಸುವವರೆಗೆ ಮಾತ್ರ ಮಾರುವವನ ಹೊಣೆ) ಸರಿಯಾದ ಪದ. ಯಾಕೆಂದರೆ ನೀವು ಸರಕನ್ನು ಒಪ್ಪಿಸುವುದು ಹಡಗಿಗಲ್ಲ, ಫ್ರೈಟ್ ಸ್ಟೇಷನ್ನಿಗೆ. ಅಲ್ಲಿಂದ ಹಡಗೇರುವ ತನಕದ ಅಪಾಯ ಎಫ್‌ಒಬಿಯಲ್ಲಿ ನಿಮ್ಮ ತಲೆ ಮೇಲೆಯೇ ಇರುತ್ತದೆ. ಆದರೆ ಮಾರುಕಟ್ಟೆಯಲ್ಲಿ ಎಲ್ಲರ ಬಾಯಲ್ಲೂ ಎಫ್‌ಒಬಿ. ಖರೀದಿದಾರರು ಒಪ್ಪಿದರೆ ಎಫ್‌ಸಿಎ ಬರೆಯಿರಿ, ಇಲ್ಲವಾದರೆ ಹಡಗೇರುವ ತನಕದ ಆ ದಿನಗಳಿಗೂ ವಿಮೆ ಸೇರಿಸಿ.

ಪ್ರಶ್ನೆ: ಶಿಪ್ಪಿಂಗ್ ಬಿಲ್, ಬಿಲ್ ಆಫ್ ಲೇಡಿಂಗ್, ಬಿಲ್ ಆಫ್ ಎಂಟ್ರಿ, ಇ-ವೇ ಬಿಲ್. ಇಷ್ಟೊಂದು ಬಿಲ್ಲಿನಲ್ಲಿ ಯಾವುದನ್ನು ಯಾರು ಮಾಡಬೇಕು?
— ಓದುಗರು, ಮಂಜೇಶ್ವರ

ಉತ್ತರ: ನಮ್ಮಲ್ಲಿ ಬಿಲ್ಲೆಂದರೆ ಹಣ ಕೇಳುವ ಚೀಟಿ. ಈ ನಾಲ್ಕರಲ್ಲಿ ಒಂದೂ ಹಣ ಕೇಳುವುದಿಲ್ಲ. ಕೇಳುವುದು ನಿಮ್ಮ ಇನ್‌ವಾಯ್ಸ್ ಮಾತ್ರ. ಗೊಂದಲದ ಬೇರು ಇಲ್ಲಿದೆ.

ಶಿಪ್ಪಿಂಗ್ ಬಿಲ್ ಹೆಸರಿಗೆ ಹಡಗಿನದು, ನಿಜಕ್ಕೆ ಕಸ್ಟಮ್ಸಿಗೆ ನೀವು ಕೊಡುವ ಅರ್ಜಿ. 1962ರ ಕಸ್ಟಮ್ಸ್ ಕಾಯ್ದೆಯ 50ನೇ ಸೆಕ್ಷನ್ನಿನಂತೆ ಇದನ್ನು ಕಸ್ಟಮ್ಸಿನ ಐಸ್‌ಗೇಟ್ ಜಾಲತಾಣದಲ್ಲಿ ಹಾಕಬೇಕು. ನಿಮ್ಮ ಪರವಾಗಿ ಹಾಕುವವರು ಕಸ್ಟಮ್ಸ್ ಬ್ರೋಕರ್; ಹಳಬರು ಈಗಲೂ ಸಿಎಚ್‌ಎ ಅನ್ನುತ್ತಾರೆ. ಅಧಿಕಾರಿ ಒಪ್ಪಿ ‘ಲೆಟ್ ಎಕ್ಸ್‌ಪೋರ್ಟ್ ಆರ್ಡರ್’ ಕೊಟ್ಟ ಮೇಲೆಯೇ ಸರಕು ಹಡಗಿಗೆ. ಸಿಐಎಫ್‌ಗೆ ಮಾರಿದ್ದರೂ ಇದರಲ್ಲಿ ಎಫ್‌ಒಬಿ, ಬಾಡಿಗೆ, ವಿಮೆ ಬೇರೆಬೇರೆ ತೋರಿಸಬೇಕು.

ಇದಕ್ಕೆ ಮೊದಲು ಐಇಸಿ (ಆಮದು-ರಫ್ತು ಕೋಡ್) ಇರಬೇಕು. ಅದು ನಿಮ್ಮ ಪ್ಯಾನ್ ನಂಬರೇ, ಆದರೆ ಡಿಜಿಎಫ್‌ಟಿಯಲ್ಲಿ (ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ) ಅರ್ಜಿ ಹಾಕಿ ಪಡೆಯಬೇಕು. ಬದಲಾವಣೆ ಇಲ್ಲದಿದ್ದರೂ ವರ್ಷ ವರ್ಷ ಏಪ್ರಿಲ್-ಜೂನ್ ನಡುವೆ ದೃಢೀಕರಿಸದಿದ್ದರೆ ನಿಷ್ಕ್ರಿಯವಾಗುತ್ತದೆ. ನಿಮ್ಮ ಬ್ಯಾಂಕಿನ ಎಡಿ ಕೋಡ್ (ವಿದೇಶಿ ಹಣ ವ್ಯವಹಾರದ ಕೋಡ್) ಸರಕು ಹೋಗುವ ಬಂದರಿನಲ್ಲಿ ನೋಂದಣಿಯಾಗಿರಬೇಕು. ಮಂಗಳೂರಿನಲ್ಲಿ ಮಾಡಿಸಿ ಸರಕನ್ನು ಕೊಚ್ಚಿಗೆ ಕಳಿಸಿದರೆ ಶಿಪ್ಪಿಂಗ್ ಬಿಲ್ ಹುಟ್ಟುವುದೇ ಇಲ್ಲ, ಸರಕು ಕೂತಲ್ಲೇ ಕೂರುತ್ತದೆ. ಕಾಳುಮೆಣಸಿಗಾದರೆ ಸ್ಪೈಸಸ್ ಬೋರ್ಡಿನ ರಫ್ತುದಾರ ನೋಂದಣಿಯೂ ಬೇಕು. ಜಿಎಸ್‌ಟಿ ಕಟ್ಟದೆ ಕಳಿಸಲು ಎಲ್‌ಯುಟಿ ಎಂಬ ಮುಚ್ಚಳಿಕೆ ಕೊಡಬೇಕು. ಅದು ಆರ್ಥಿಕ ವರ್ಷಕ್ಕೆ ಮಾತ್ರ, ಮಾರ್ಚ್ 31ಕ್ಕೆ ಮುಗಿಯುತ್ತದೆ. ಏಪ್ರಿಲ್ ಮೊದಲ ವಾರ ಸರಕು ಕಳಿಸುವವರು ಇದನ್ನು ಮರೆಯುವುದು ಜಾಸ್ತಿ.

ಬಿಲ್ ಆಫ್ ಲೇಡಿಂಗ್ ಕೊಡುವುದು ಹಡಗು ಕಂಪನಿ. ಸರಕು ಪಡೆದ ರಸೀದಿ ಅದೇ, ಸಾಗಣೆ ಕರಾರಿನ ಪುರಾವೆ ಅದೇ, ಸರಕಿನ ಒಡೆತನದ ಪತ್ರವೂ ಅದೇ. ಮೂಲಪ್ರತಿ ಸಾಮಾನ್ಯವಾಗಿ ಮೂರು. ಅದರಲ್ಲಿ ಒಂದನ್ನು ತೋರಿಸಿದವರು ಸರಕು ಬಿಡಿಸಿಕೊಳ್ಳಬಹುದು. ಆದ್ದರಿಂದ ಹಣ ಬರುವ ಮೊದಲು ಮೂಲಪ್ರತಿಯನ್ನು ನೇರವಾಗಿ ಖರೀದಿದಾರರಿಗೆ ಕಳಿಸಬೇಡಿ, ಬ್ಯಾಂಕಿನ ಮೂಲಕ ಹೋಗಲಿ. ‘ಟೆಲೆಕ್ಸ್ ರಿಲೀಸ್ ಮಾಡಿ’ ಎಂದು ಅವರು ಅವಸರಪಡಿಸಿದರೆ ಅದೂ ಅಷ್ಟೇ: ಮೂಲಪ್ರತಿಗಳನ್ನು ಇಲ್ಲೇ ಒಪ್ಪಿಸಿ ಸರಕನ್ನು ಬಿಟ್ಟುಕೊಟ್ಟ ಹಾಗೆ. ಕರಡು ಬಂದಾಗ ಹೆಸರಿನ ಅಕ್ಷರ, ಚೀಲದ ಸಂಖ್ಯೆ, ತೂಕ ನೋಡಿ. ಹಡಗು ಹೊರಟ ಮೇಲಿನ ತಿದ್ದುಪಡಿಗೆ ಹಣ ತೆರಬೇಕು. ವಿಮಾನದಲ್ಲಿ ಕಳಿಸಿದಾಗ ಸಿಗುವ ಏರ್‌ವೇ ಬಿಲ್‌ಗೆ ಒಡೆತನದ ಬಲ ಇಲ್ಲ.

ಬಿಲ್ ಆಫ್ ಎಂಟ್ರಿ ಆಮದುದಾರನ ಅರ್ಜಿ, ನಿಮಗೆ ಸಂಬಂಧವಿಲ್ಲ. ಇ-ವೇ ಬಿಲ್ ಊರಿನಿಂದ ಬಂದರಿನ ತನಕದ ಲಾರಿಗೆ. ಅದರಲ್ಲಿ ಖರೀದಿದಾರರ ರಾಜ್ಯ ‘ಇತರ ದೇಶ’, ತಲುಪಿಸುವ ವಿಳಾಸ ಬಂದರಿನದು.

ಎಡವಟ್ಟಾಗುವುದು ಹೆಚ್ಚಾಗಿ ಸಣ್ಣಪುಟ್ಟದರಲ್ಲಿ. ಐಜಿಎಸ್‌ಟಿ ಕಟ್ಟಿ ಮರಳಿ ಪಡೆಯುವವರ ಇನ್‌ವಾಯ್ಸ್ ನಂಬರ್ ಶಿಪ್ಪಿಂಗ್ ಬಿಲ್‌ನಲ್ಲಿಯೂ ಜಿಎಸ್‌ಟಿ ರಿಟರ್ನ್ ಆದ ಜಿಎಸ್‌ಟಿಆರ್-1ರಲ್ಲಿಯೂ ಒಂದೇ ಆಗಿರಬೇಕು. ಒಂದು ಓರೆಗೆರೆ ತಪ್ಪಿದರೂ ‘ಎಸ್‌ಬಿ 005’ ಎಂಬ ದೋಷ ಬಂದು ಹಣ ನಿಲ್ಲುತ್ತದೆ. ಹಡಗಿನಲ್ಲಿ ಹೋದ ಸರಕಿನ ಬಗ್ಗೆ ಹಡಗು ಕಂಪನಿ ಹಾಕುವ ಇಜಿಎಮ್ ಪಟ್ಟಿಯಲ್ಲಿ ಕಂಟೈನರ್ ನಂಬರ್ ಹೊಂದದಿದ್ದರೂ ಹಾಗೇ. ರೋಡ್‌ಟೆಪ್ (ರಫ್ತಿನ ಸರಕಿನೊಳಗಿನ ತೆರಿಗೆ ಮರಳಿಸುವ ಯೋಜನೆ) ಬೇಕೆಂದಾದರೆ ಶಿಪ್ಪಿಂಗ್ ಬಿಲ್ ಹಾಕುವಾಗಲೇ ‘ಹೌದು’ ಎಂದು ಘೋಷಿಸಬೇಕು, ಆಮೇಲೆ ನೆನಪಾದರೆ ಗೋಳು.

ಪ್ರಶ್ನೆ: ವಿದೇಶಿ ಅಡಿಕೆಗೆ 351 ರೂ. ಕನಿಷ್ಠ ಬೆಲೆ ಎನ್ನುತ್ತಾರೆ. ಹಾಗಾದರೆ ನಮ್ಮ ಚಾಲಿ ಅಡಿಕೆಗೂ ಅಷ್ಟು ಖಾತ್ರಿ ಅಂತಲೇ?
— ಓದುಗರು, ಮುಳ್ಳೇರಿಯ

ಉತ್ತರ: ಅಲ್ಲ. 2023ರ ಫೆಬ್ರವರಿಯಲ್ಲಿ 251ರಿಂದ 351ಕ್ಕೆ ಏರಿಸಿದ ಈ ದರ ಮೇಲೆ ಹೇಳಿದ ಸಿಐಎಫ್ ಬೆಲೆಯೇ: ಹಡಗಿನ ಬಾಡಿಗೆ, ವಿಮೆ ಸೇರಿ ನಮ್ಮ ಬಂದರಿಗೆ ಮುಟ್ಟುವಾಗ ಕೆ.ಜಿ.ಗೆ ಬೀಳುವ ಬೆಲೆ. ಅದಕ್ಕಿಂತ ಕಡಿಮೆ ಘೋಷಿಸಿದ ಸರಕಿನ ಆಮದು ನಿಷಿದ್ಧ. ಸುಂಕ ಅದರ ಮೇಲೆ ಬೇರೆ, ಮೂಲ ಸುಂಕವೇ ಶೇ. 100. ಕಾಗದದ ಮೇಲೆ ನೋಡಿದರೆ ಗೋಡೆ ಎತ್ತರವೇ. ಆದರೆ ಕಡಿಮೆ ಬೆಲೆಯ ಸರಕಿಗೆ ಇನ್‌ವಾಯ್ಸಿನಲ್ಲಿ ಮಾತ್ರ 351 ಬರೆಸಿ, ವ್ಯಾಪಾರ ಒಪ್ಪಂದವಿರುವ ದೇಶದ ಮೂಲ ಪ್ರಮಾಣಪತ್ರ ತೋರಿಸಿ ಸುಂಕ ತಪ್ಪಿಸಿಕೊಂಡರೆ ಗೋಡೆ ಇದ್ದೂ ಇಲ್ಲದ ಹಾಗೆ. ಭೂತಾನಿನಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆಗೆ ಈ ಕನಿಷ್ಠ ಬೆಲೆಯೇ ಇಲ್ಲ.

ಇನ್ನೊಂದು ಸಂದಿ ಎಚ್‌ಎಸ್ ಕೋಡಿನದು, ಅಂದರೆ ಕಸ್ಟಮ್ಸಿನವರು ಸರಕನ್ನು ಗುರುತಿಸುವ ಸಂಖ್ಯೆಯದು. ಇದರ ಮೊದಲ ಆರು ಅಂಕಿ ಲೋಕಕ್ಕೆಲ್ಲ ಒಂದೇ, ನಮ್ಮಲ್ಲಿ ಎಂಟರವರೆಗೆ ಹೋಗುತ್ತದೆ. ಅಡಿಕೆ 0802 80, ರುಚಿ-ಪರಿಮಳ ಬೆರೆಸಿದ ಸುಪಾರಿ 2106 90 30. ಹುರಿದದ್ದು ಎಂದು ಬೇರೆ ಕೋಡಿನಲ್ಲಿ ತಂದು ಕನಿಷ್ಠ ಬೆಲೆ ತಪ್ಪಿಸುವ ದಾರಿಯನ್ನು 2025ರಲ್ಲಿ ಮುಚ್ಚಿದರು. ಆದ್ದರಿಂದ ಅಡಿಕೆಯ ಸುದ್ದಿ ಓದುವಾಗ ಬೆಲೆಯ ಜೊತೆ ಕೋಡನ್ನೂ ನೋಡಿ.

ಪ್ರಶ್ನೆ: ಶಾರ್ಜಾದಲ್ಲಿರುವ ಮಗನಿಗೆ ಉಪ್ಪಿನಕಾಯಿ, ಹಪ್ಪಳ ಕಳಿಸಲು ಐಇಸಿ ಬೇಕೇ?
— ಓದುಗರು, ಉಪ್ಪಳ

ಉತ್ತರ: ಬೇಡ. ವ್ಯಾಪಾರಕ್ಕಲ್ಲದ ಸ್ವಂತ ಬಳಕೆಯ ವಸ್ತುಗಳಿಗೆ ವಿನಾಯಿತಿ ಇದೆ. ಪೆಟ್ಟಿಗೆಯಲ್ಲಿ ಗಸಗಸೆ ಮಾತ್ರ ಇಡಬೇಡಿ, ವೀಳ್ಯದೆಲೆಯೂ ಬೇಡ. ಎರಡೂ ಯುಎಇಯಲ್ಲಿ ನಿಷಿದ್ಧ. ಪಾಯಸದ ಪುಡಿ, ಮಸಾಲೆ ಪುಡಿಯೊಳಗೆ ಬೆರೆತ ಗಸಗಸೆಯೂ ಲೆಕ್ಕಕ್ಕೆ ಬರುತ್ತದೆ.