ತಳಿಗೆ ಬಿಡುವ ಗಂಡು ಹಂದಿಗೆ ಅಮೈನೋ ಆಮ್ಲದ ಪುಡಿ ಬೇಕಾ?

ಪ್ರಶ್ನೆ: ನನ್ನ ಹತ್ರ ಮೂರು ತಿಂಗಳ ಎರಡು ಯಾರ್ಕ್‌ಶೈರ್ ಗಂಡು ಮರಿಗಳಿವೆ, ತಳಿಗೆ ಇಟ್ಟುಕೊಳ್ಳಬೇಕು. 100 ಕೆ.ಜಿ. ಮೇವಿಗೆ 50 ಕೆ.ಜಿ. ಮೆಕ್ಕೆಜೋಳ, 30 ಕೆ.ಜಿ. ತೌಡು, 20 ಕೆ.ಜಿ. ಕಡಲೆಕಾಯಿ ಹಿಂಡಿ ಹಾಕುತ್ತೇನೆ. ಅರ್ಜಿನಿನ್ ಅನ್ನೋ ಅಮೈನೋ ಆಮ್ಲದ ಪುಡಿ ಕೊಟ್ಟರೆ ಬೀಜ (ವೃಷಣ) ಚೆನ್ನಾಗಿ ಬೆಳೆಯುತ್ತೆ ಅಂತ ಅಂಗಡಿಯವರು ಹೇಳುತ್ತಿದ್ದಾರೆ. ಕೊಡಲಾ?
– ಓದುಗರು, ಕೊಡಗು

ಉತ್ತರ: ಅರ್ಜಿನಿನ್‌ಗೆ ಈಗ ದುಡ್ಡು ಹಾಕಬೇಡಿ. ಅಮೈನೋ ಆಮ್ಲ ಅಂದರೆ ಪ್ರೋಟೀನ್ ಕಟ್ಟುವ ಇಟ್ಟಿಗೆ ಇದ್ದಂತೆ. ನಿಮ್ಮ ಮೇವಿನಲ್ಲಿ ಕಡಿಮೆ ಇರುವುದು ಅರ್ಜಿನಿನ್ ಅಲ್ಲ, ಲೈಸಿನ್ ಅನ್ನುವ ಇನ್ನೊಂದು ಅಮೈನೋ ಆಮ್ಲ.

ಅಂಗಡಿಯವರ ಮಾತು ಪೂರ್ತಿ ಸುಳ್ಳೇನಲ್ಲ. ವೀರ್ಯಾಣುವಿನ ತಲೆಯಲ್ಲಿರುವ ಪ್ರೋಟೀನ್‌ನಲ್ಲಿ ಅರ್ಜಿನಿನ್ ತುಂಬಾ ಇರುತ್ತದೆ. ಆದರೆ ಕಡಲೆಕಾಯಿ ಹಿಂಡಿಯಲ್ಲೇ ಅದು ಧಾರಾಳವಾಗಿದೆ, ನೀವು ದಿನಾ ಕೊಡುತ್ತಲೇ ಇದ್ದೀರಿ. ಅದೇ ಹಿಂಡಿಯಲ್ಲಿ ಲೈಸಿನ್ ಕಮ್ಮಿ, ಮೆಕ್ಕೆಜೋಳದಲ್ಲಂತೂ ಶೇ. 0.25ರಷ್ಟೇ. ಲೆಕ್ಕ ಹಾಕಿದರೆ ನಿಮ್ಮ ಮಿಶ್ರಣದಲ್ಲಿ ಲೈಸಿನ್ ಶೇ. 0.6ರ ಆಸುಪಾಸು ಬರುತ್ತದೆ, ಈ ವಯಸ್ಸಿನ ಮರಿಗೆ ಬೇಕಾಗಿರುವುದು ಹೆಚ್ಚುಕಡಿಮೆ 0.9. ಒಂದು ಅಮೈನೋ ಆಮ್ಲ ಕಡಿಮೆ ಬಿದ್ದರೆ ಉಳಿದವು ಎಷ್ಟಿದ್ದರೂ ಮೈಗೆ ಹತ್ತುವುದಿಲ್ಲ, ಮೂತ್ರದಲ್ಲಿ ಹೋಗಿ ಕೊಟ್ಟಿಗೆಯಲ್ಲಿ ಘಾಟು ಜಾಸ್ತಿ ಆಗುತ್ತದೆ ಅಷ್ಟೇ.

ಕಡಲೆಕಾಯಿ ಹಿಂಡಿ ಬದಲು ಅಷ್ಟೇ ಸೋಯಾ ಹಿಂಡಿ ಹಾಕಿ, ಜೊತೆಗೆ 100 ಕೆ.ಜಿ.ಗೆ 100 ಗ್ರಾಂ ಲೈಸಿನ್ ಪುಡಿ ಬೆರೆಸಿದರೆ ಸಾಕು. ಹಿಂಡಿ ಬದಲಿಸದೆ ಬರೀ ಲೈಸಿನ್ 400 ಗ್ರಾಂ ಸುರಿದರೂ ಲೆಕ್ಕಕ್ಕೆ ಸರಿಹೋಗುತ್ತದೆ, ಆದರೆ ಮಿಥಿಯೋನಿನ್, ಥ್ರಿಯೋನಿನ್ ಅನ್ನುವ ಬೇರೆ ಅಮೈನೋ ಆಮ್ಲಗಳ ಕೊರತೆ ಹಾಗೇ ಉಳಿಯುತ್ತದೆ. ಬೂಸ್ಟು ಹಿಡಿದ ಹಿಂಡಿಯನ್ನಂತೂ ಮುಟ್ಟಲೇಬೇಡಿ. ನಿಮ್ಮ ಪಟ್ಟಿಯಲ್ಲಿ ಖನಿಜ ಮಿಶ್ರಣ ಕಾಣಲಿಲ್ಲ, ಅದು ಬೇಕೇ ಬೇಕು, ಯಾಕಂದ್ರೆ ಬೀಜ ಬೆಳೆಯೋಕೆ ಸತು, ಸೆಲೆನಿಯಂ ಕೂಡ ಅಷ್ಟೇ ಮುಖ್ಯ.

ತಡ ಮಾಡಬೇಡಿ ಅಂತ ಒತ್ತಿ ಹೇಳುವುದಕ್ಕೆ ಕಾರಣ ಇದೆ. ವೀರ್ಯಾಣುಗಳನ್ನು ಸಾಕುವ ಸರ್ಟೋಲಿ ಕೋಶಗಳು ಹಂದಿಯ ಬೀಜದಲ್ಲಿ ಎರಡು ಸಲ ಜೋರಾಗಿ ಹೆಚ್ಚುತ್ತವೆ: ಹುಟ್ಟಿದ ಮೊದಲ ತಿಂಗಳು, ಆಮೇಲೆ ಮೂರರಿಂದ ನಾಲ್ಕನೇ ತಿಂಗಳು. ಆಗ ಎಷ್ಟು ಕೋಶ ಆದವೋ ಅದರ ಮೇಲೇ ದೊಡ್ಡದಾದ ಮೇಲೆ ಎಷ್ಟು ವೀರ್ಯಾಣು ಬರುತ್ತವೆ ಅನ್ನುವುದು ನಿಂತಿರುತ್ತದೆ. ನಿಮ್ಮ ಮರಿಗಳು ಈಗ ಸರಿಯಾಗಿ ಅದೇ ವಯಸ್ಸಿನಲ್ಲಿವೆ, ಹಾಗಾಗಿ ಈ ವಾರವೇ ಮೇವು ಸರಿಮಾಡಿ.

ಪ್ರಶ್ನೆ: ದೊಡ್ಡ ಗಂಡಿಗೆ ಹದಿನೈದು ದಿನದಿಂದ ಅಮೈನೋ ಪುಡಿ ಕೊಡುತ್ತಿದ್ದೇನೆ, ಆದರೂ ಹೆಣ್ಣುಗಳು ಗಬ್ಬ ನಿಲ್ಲುತ್ತಿಲ್ಲ. ನಿಲ್ಲಿಸಿಬಿಡಲಾ?
– ಓದುಗರು, ಕೋಲಾರ

ಉತ್ತರ: ಹದಿನೈದು ದಿನಕ್ಕೆ ಏನೂ ಗೊತ್ತಾಗಲ್ಲ. ಒಂದು ವೀರ್ಯಾಣು ತಯಾರಾಗಿ ಹೊರಬರಲು ಸುಮಾರು ಆರೇಳು ವಾರ ಬೇಕು, ಇವತ್ತು ಬರುತ್ತಿರುವುದು ನೀವು ಪುಡಿ ಶುರು ಮಾಡುವ ಮೊದಲೇ ಹುಟ್ಟಿದ್ದು. ಅದೇ ಕಾರಣಕ್ಕೆ ಹಿಂದಿನ ತಿಂಗಳ ಬಿಸಿಲನ್ನೂ ನೆನಪಿಸಿಕೊಳ್ಳಿ. ಕೊಟ್ಟಿಗೆಯಲ್ಲಿ 30 ಡಿಗ್ರಿ ದಾಟಿ ದಿನಗಟ್ಟಲೆ ಇದ್ದರೆ ವೀರ್ಯ ಕೆಡುತ್ತದೆ, ಗೊತ್ತಾಗುವುದು ವಾರಗಳ ನಂತರ, ಅದಕ್ಕೆ ಯಾವ ಪುಡಿಯೂ ನೆರಳು ನೀರಿಗೆ ಸಮ ಅಲ್ಲ. ಮೊದಲು ಪಶುವೈದ್ಯರಿಂದ ವೀರ್ಯ ಪರೀಕ್ಷೆ ಮಾಡಿಸಿ. ಪುಡಿ ವಿಷಯ ಆಮೇಲೆ ನೋಡೋಣ.