ಗುಂಡಿಗೆ ಇಳಿದರೆ ಕಾರಿನಡಿ ಟಕ್ ಟಕ್: ಶಾಕ್ ಅಬ್ಸಾರ್ಬರ್ ಬದಲಿಸಲೇಬೇಕಾ?

ಪ್ರಶ್ನೆ: ನನ್ನದು ಏಳು ವರ್ಷದ ಹ್ಯಾಚ್‌ಬ್ಯಾಕ್, 70 ಸಾವಿರ ಕಿ.ಮೀ. ಓಡಿದೆ. ಗುಂಡಿ ಬಿದ್ದ ರಸ್ತೆಯಲ್ಲಿ ನಿಧಾನಕ್ಕೆ ಹೋದರೆ ಮುಂದಿನ ಎಡಚಕ್ರದ ಕಡೆ ಟಕ್ ಟಕ್ ಅನ್ನುತ್ತದೆ. ಹೈವೇಯಲ್ಲಿ ಸದ್ದೇ ಇಲ್ಲ. ಗ್ಯಾರೇಜಿನವರು ಓಡಿಸಿಯೂ ನೋಡದೆ ಎರಡೂ ಶಾಕ್ ಅಬ್ಸಾರ್ಬರ್ ಹೋಗಿವೆ ಎಂದರು. ಬದಲಿಸಲೇ?

ಉತ್ತರ: ಈಗಲೇ ಬೇಡ. ನನ್ನ ಮೊದಲ ಅನುಮಾನ ಲಿಂಕ್ ರಾಡ್ ಮೇಲೆ. ತಿರುವಿನಲ್ಲಿ ಕಾರು ಜಾಸ್ತಿ ವಾಲದಿರಲಿ ಎಂದು ಎಡ, ಬಲ ಚಕ್ರಗಳ ನಡುವೆ ಸ್ಟೆಬಿಲೈಸರ್ ಬಾರ್ ಇರುತ್ತದೆ. ಅದರ ಎರಡು ತುದಿಗಳನ್ನು ಸಸ್ಪೆನ್ಷನ್‌ಗೆ, ಅಂದರೆ ಚಕ್ರದ ಕುಲುಕಾಟ ತಡೆಯುವ ಜೋಡಣೆಗೆ, ಸೇರಿಸುವ ಸಣ್ಣ ಕಂಬಿಗಳೇ ಲಿಂಕ್ ರಾಡ್. ಇವುಗಳ ಜಾಯಿಂಟ್ ಸವೆದು ಪ್ಲೇ (ಸಡಿಲ ಅಲುಗಾಟ) ಬಂದರೆ ಹೀಗೇ ಬಡಿಯುತ್ತದೆ.

ಖಾಲಿ ರಸ್ತೆಯಲ್ಲಿ ಎಸಿ, ಹಾಡು ಎಲ್ಲ ನಿಲ್ಲಿಸಿ, ಕಿಟಕಿ ಇಳಿಸಿ ನಿಧಾನಕ್ಕೆ ಓಡಿಸಿ. ಮೊದಲು ಮುಂದಿನ ಎರಡೂ ಚಕ್ರ ಒಟ್ಟಿಗೇ ಹಂಪ್ ಹತ್ತಲಿ. ಆಮೇಲೆ ಎಡಚಕ್ರ ಮಾತ್ರ ಸಣ್ಣ ಗುಂಡಿಗೆ ಇಳಿಯಲಿ. ಎರಡೂ ಒಟ್ಟಿಗೆ ಏರಿದಾಗ ಬಾರ್ ತಿರುಚಿಕೊಳ್ಳುವುದಿಲ್ಲ, ಹಾಗಾಗಿ ಲಿಂಕ್ ಮೇಲೆ ಒತ್ತಡ ಕಡಿಮೆ. ಒಂದು ಬದಿ ಇಳಿದಾಗಲೇ ಸದ್ದು ಜೋರಾದರೆ ಲಿಂಕ್ ರಾಡನ್ನೇ ಮೊದಲು ನೋಡಿಸಿ. ಶಾಕ್ ಅಬ್ಸಾರ್ಬರ್‌ಗೆ ಹೋಲಿಸಿದರೆ ಇದರ ಖರ್ಚು ತುಂಬಾ ಕಡಿಮೆ.

ಶಾಕ್ ಅಬ್ಸಾರ್ಬರ್ ಹೋಗಿದ್ದರೆ ಸಾಮಾನ್ಯವಾಗಿ ಅದರ ಮೈಮೇಲೆ ಎಣ್ಣೆ ಒಸರಿರುತ್ತದೆ, ಹಂಪ್ ದಾಟಿದ ಮೇಲೂ ಕಾರು ಕುಣಿಯುತ್ತಿರುತ್ತದೆ. ಎರಡೂ ಇಲ್ಲದಿದ್ದರೆ ಸುಮ್ನೆ ದುಡ್ಡು ಸುರಿಯಬೇಡಿ.

ಬ್ರೇಕ್ ಒತ್ತಿದಾಗ ಅಥವಾ ರಿವರ್ಸ್ ತೆಗೆದಾಗ ಒಂದೇ ಸಲ 'ಧಡ್' ಎಂದರೆ ಮಾತ್ರ ತಡಮಾಡಬೇಡಿ. ಅದು ಚಕ್ರವನ್ನು ಕೆಳಗಿನಿಂದ ಹಿಡಿದಿಡುವ ಲೋವರ್ ಆರ್ಮ್‌ನ ಬುಷ್ (ರಬ್ಬರ್ ಮೆತ್ತೆ) ಅಥವಾ ಆ ಆರ್ಮನ್ನು ಚಕ್ರದ ಕಡೆಗೆ ಜೋಡಿಸುವ ಬಾಲ್ ಜಾಯಿಂಟ್ ಇರಬಹುದು. ಬಾಲ್ ಜಾಯಿಂಟ್ ಕಳಚಿಕೊಂಡರೆ ಓಡುತ್ತಿರುವಾಗಲೇ ಚಕ್ರ ಮಡಚಿಕೊಳ್ಳುತ್ತದೆ. ಕಾರನ್ನು ಲಿಫ್ಟ್ ಮೇಲೆ ಏರಿಸಿ, ಲಿವರ್ ಹಾಕಿ ಅಲ್ಲಾಡಿಸಿ ತೋರಿಸಲು ಹೇಳಿ. ಪ್ಲೇ ಇದ್ದರೆ ನಿಮ್ಮ ಕಣ್ಣಿಗೇ ಕಾಣುತ್ತದೆ. ನೀವೇ ಬರೀ ಜ್ಯಾಕ್ ನಂಬಿ ಕಾರಿನಡಿ ನುಸುಳಬೇಡಿ, ದಯವಿಟ್ಟು.

ಪ್ರಶ್ನೆ: ಕಾರು ನಿಂತಲ್ಲೇ ಸ್ಟಾರ್ಟಿನಲ್ಲಿದ್ದರೆ ಕೆಳಗೆ ತಗಡು ಅದುರಿದ ಸದ್ದು ಬರುತ್ತದೆ. ಆಕ್ಸಿಲರೇಟರ್ ಒತ್ತಿದರೆ ಮಾಯ. ಏನಿದು?

ಉತ್ತರ: ಹೆಚ್ಚಾಗಿ ಸೈಲೆನ್ಸರ್ ಪೈಪಿನ ಮೇಲಿನ ಹೀಟ್ ಶೀಲ್ಡ್ ಸಡಿಲವಾಗಿರುತ್ತದೆ. ಅದರ ಬೋಲ್ಟ್ ಕೂರುವ ಜಾಗ ತುಕ್ಕು ಹಿಡಿದು ದೊಡ್ಡದಾಗಿರುತ್ತದೆ. ದೊಡ್ಡ ವಾಷರ್ ಹಾಕಿ ಬಿಗಿ ಮಾಡಿದರೆ ಎಷ್ಟೋ ಸಲ ಸದ್ದು ನಿಲ್ಲುತ್ತದೆ. 'ಕಿತ್ತು ಬಿಸಾಕಿ' ಅಂದರೆ ಒಪ್ಪಬೇಡಿ. ಪೈಪಿನ ಬಿಸಿ ಕಾರಿನ ತಳಕ್ಕೂ ಪೆಟ್ರೋಲ್ ಟ್ಯಾಂಕಿಗೂ ತಾಗದಂತೆ ತಡೆಯುವುದೇ ಅದರ ಕೆಲಸ. ಎಂಜಿನ್ ನಿಲ್ಲಿಸಿ, ಪೈಪ್ ಪೂರ್ತಿ ತಣ್ಣಗಾದ ಮೇಲೆಯೇ ಮುಟ್ಟಿ.