ಗಾಳದ ರಾಡ್‌ಗೆ ಸುತ್ತಿದ ನೂಲಿನ ಮೇಲೆ ಯಾವ ಎಪಾಕ್ಸಿ ಹಚ್ಚಬೇಕು?

ಕುಂಬಳೆ ಅಳಿವೆಯಲ್ಲಿ ಗಾಳ ಹಾಕಲು ರಾಡ್ ಕಟ್ಟುತ್ತಿದ್ದೀರಿ. ಗೈಡ್‌ಗಳಿಗೆ (ಗಾಳದ ದಾರ ಹಾದುಹೋಗುವ ಬಳೆಗಳಿಗೆ) ನೂಲು ಸುತ್ತಿ ಆಗಿದೆ, ಇನ್ನು ದಪ್ಪ ಎಪಾಕ್ಸಿಯೋ ತೆಳುವಿನದ್ದೋ ಎಂಬುದು ನಿಮ್ಮ ಪ್ರಶ್ನೆ, ಅಲ್ವಾ? ನನ್ನ ಮತ ತೆಳುವಿನದ್ದಕ್ಕೆ. ಎರಡು ಕೋಟ್ ಬೇಕಾಗುತ್ತದೆ, ನಿಜ. ಆದರೆ ನೂಲಿನೊಳಗೆ ಚೆನ್ನಾಗಿ ಇಳಿಯುತ್ತದೆ, ಗುಳ್ಳೆಗಳು ಬೇಗ ಮೇಲೆ ಬಂದು ಒಡೆಯುತ್ತವೆ, ಬಳುಕುವ ತುದಿಗೆ ಭಾರವೂ ಕಡಿಮೆ. ದಪ್ಪದ್ದು ಕಡಲ ದಂಡೆಯಿಂದ ಎಸೆಯುವ ಗಟ್ಟಿ ರಾಡ್‌ಗೆ ಸರಿ. ಐದು ನಿಮಿಷದ ಎಪಾಕ್ಸಿ ಅಂಟು ಮಾತ್ರ ಬೇಡವೇ ಬೇಡ. ಹರಡುವ ಮೊದಲೇ ಗಟ್ಟಿಯಾಗುತ್ತದೆ, ಆಮೇಲೆ ಹಳದಿ ಬೇರೆ.

ನಮ್ಮ ಕಾಸರಗೋಡಿನಲ್ಲಿ ಬ್ರ್ಯಾಂಡ್‌ಗಿಂತ ದೊಡ್ಡ ತಲೆನೋವು ಗಾಳಿಯ ತೇವ. ಆಟಿಯ ಮಳೆಯಲ್ಲಿ ಹಚ್ಚಿದರೆ ಮೇಲ್ಮೈ ಮಂಜು ಕವಿದಂತಾಗಿ ಜಿಡ್ಡಾಗಿ ಉಳಿಯಬಹುದು. ನಾನೂ ಒಮ್ಮೆ ಆತುರಪಟ್ಟು ಕೆರೆದು ತೆಗೆದಿದ್ದೇನೆ! ಸಾಧ್ಯವಾದರೆ ಡಿಸೆಂಬರ್‌ವರೆಗೆ ಕಾಯಿರಿ.

ಅಂಟು ಅಂಟಾಗಿ ಉಳಿಯಲು ಇನ್ನೊಂದು ಕಾರಣ ಅಳತೆ ತಪ್ಪುವುದು. ಎಪಾಕ್ಸಿ ಎರಡು ಭಾಗಗಳಲ್ಲಿ ಬರುತ್ತದೆ: ರೆಸಿನ್, ಮತ್ತು ಅದನ್ನು ಗಟ್ಟಿ ಮಾಡುವ ಹಾರ್ಡನರ್. ರಾಡ್ ಎಪಾಕ್ಸಿಗಳಲ್ಲಿ ಹೆಚ್ಚಿನವಕ್ಕೆ ಎರಡೂ ಸಮಸಮ. ಬಾಟಲಿ ಮೇಲೆ ನೋಡಿಕೊಂಡು, ಎರಡು ಬೇರೆ ಸಿರಿಂಜ್‌ಗಳಲ್ಲಿ ಅಳೆಯಿರಿ. ಬೇಗ ಒಣಗಲೆಂದು ಹಾರ್ಡನರ್ ಜಾಸ್ತಿ ಹಾಕಿದರೆ ಪೂರ್ತಿ ಗಟ್ಟಿಯಾಗುವುದೇ ಇಲ್ಲ. ನಿಧಾನವಾಗಿ ಕಲಸಿ ಅಲ್ಯೂಮಿನಿಯಂ ಹಾಳೆಯ ಮೇಲೆ ಸುರಿಯಿರಿ. ಹರಡಿಕೊಂಡರೆ ಬಿಸಿ ಏರುವುದಿಲ್ಲ, ಹಚ್ಚಲು ಸಮಯ ಸಿಗುತ್ತದೆ.

ಹಚ್ಚಿದ ಮೇಲೆ ನಾಲ್ಕೈದು ಗಂಟೆ ರಾಡ್ ತಿರುಗುತ್ತಿರಬೇಕು, ಇಲ್ಲದಿದ್ದರೆ ಕೆಳಗೆ ಜೋತುಬೀಳುತ್ತದೆ. ಹಾಂ, ಸಾದಾ ನೈಲಾನ್ ನೂಲಾದರೆ ಎಪಾಕ್ಸಿ ತಾಗಿ ಬಣ್ಣ ಗಾಢವಾಗುತ್ತದೆ. ಮೊದಲು ಕಲರ್ ಪ್ರಿಸರ್ವರ್ (ನೂಲಿನ ಬಣ್ಣ ಕಾಪಾಡುವ ದ್ರವ) ಹಚ್ಚಿ ಒಣಗಿಸಿ.